ಮೈಸೂರು–ಮಂಡ್ಯದಿಂದ ದ್ವೀಪಗಳ ಕಡಲಂಚಿಗೆ: ಆಕ್ರಮಣಕಾರಿ ಜೀವಿಗಳನ್ನು ತಡೆಯುವ ಕೆಲಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಕಡೆಯ ಪಿಯುಸಿ ಮತ್ತು ಬಿಎಸ್‌ಸಿ ವಿದ್ಯಾರ್ಥಿಗಳು, ಅವರ ತಂದೆತಾಯಿ, ಜೀವಶಾಸ್ತ್ರ ಪಾಠ ಮಾಡುವ ಮೇಷ್ಟ್ರುಗಳು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಓದು, ಸಂಬಳ, ಈಜು, ಸಲಕರಣೆ, ಅನುಮತಿ ಎಲ್ಲವೂ ಇವೆ. ಕಡಲ ಕೆಲಸದ ಬಗ್ಗೆ ಏನೂ ತಿಳಿಯದವರು ಮೊದಲಿನಿಂದ ಓದಿ. ಓದು, ಉದ್ಯೋಗದ ವಿಷಯ ಮಾತ್ರ ಬೇಕಿದ್ದವರು ನಡುವಿನಿಂದ ಶುರು ಮಾಡಬಹುದು.

ಆಕ್ರಮಣಕಾರಿ ಜೀವಿ ಅಂದರೆ ಯಾವುದು? ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದೇ?

ಅಲ್ಲ. ನಮ್ಮ ಅಡುಗೆಮನೆಯ ಮೆಣಸಿನಕಾಯಿ, ಟೊಮೆಟೊ, ಕಡಲೆಕಾಯಿ ಎಲ್ಲವೂ ಅಮೆರಿಕ ಖಂಡಗಳಿಂದ ಬಂದವೇ. ಅವು ಹೊಲ ದಾಟಿ ಕಾಡು ನುಗ್ಗಲಿಲ್ಲ. ಕಾಂಗ್ರೆಸ್ ಗಿಡ ನುಗ್ಗಿತು. ಕೆರೆಗಳಲ್ಲಿ ಅಂತರಗಂಗೆ ನುಗ್ಗಿತು. ಹುಟ್ಟೂರಿನಲ್ಲಿ ಅವನ್ನು ತಿನ್ನುವ ಹುಳು, ಕಾಡುವ ರೋಗ ಇದ್ದವು. ಗಿಡ ಬಂತು, ಅವು ಜೊತೆಗೆ ಬರಲಿಲ್ಲ. ಹೊರಗಿನಿಂದ ಬಂದು, ತಾನಾಗಿಯೇ ಹಬ್ಬಿ, ಊರಿನ ಜೀವಿಗಳಿಗೋ ಜನರ ಬದುಕಿಗೋ ಪೆಟ್ಟು ಕೊಡುವುದನ್ನು ಮಾತ್ರ ಆಕ್ರಮಣಕಾರಿ ಎನ್ನುತ್ತೇವೆ.

ಲಯನ್‌ಫಿಶ್ ಎಂಬ ಮುಳ್ಳುರೆಕ್ಕೆಯ ಮೀನು ನಮ್ಮ ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಕಡೆಯದು. ಇಲ್ಲಿನ ಹವಳದ ದಿಬ್ಬಗಳಲ್ಲಿ ಅದರಿಂದ ಯಾರಿಗೂ ತೊಂದರೆಯಿಲ್ಲ. ಅದೇ ಕುಲದ ಮೀನು 1985ರಲ್ಲಿ ಫ್ಲೋರಿಡಾದ ಕಡಲಲ್ಲಿ ಕಾಣಿಸಿಕೊಂಡು, ಮುಂದೆ ಕೆರಿಬಿಯನ್ ದ್ವೀಪಗಳ ಸುತ್ತ ಹಬ್ಬಿ, ಅಲ್ಲಿನ ಮರಿಮೀನುಗಳನ್ನು ಬರಿದು ಮಾಡುತ್ತಿದೆ. ಅಲ್ಲಿನ ಮೀನುಗಳಿಗೆ ಅದು ಬೇಟೆಗಾರ ಎಂಬ ಗುರುತೇ ಇಲ್ಲ. ಹಾಗಾಗಿ ಈ ಕೆಲಸದಲ್ಲಿ ಪಟ್ಟಿ ನೋಡಿ ಕೊಲ್ಲುವ ಮಾತಿಲ್ಲ. ಯಾವ ಜೀವಿ, ಯಾವ ಊರಿನದು, ಇಲ್ಲಿ ಏನು ಮಾಡುತ್ತಿದೆ ಎಂದು ಪ್ರತಿ ಸಲ ಕೇಳಬೇಕು.

ದ್ವೀಪಗಳಿಗೇ ಏಕೆ ಇಷ್ಟು ಒತ್ತು?

ದ್ವೀಪದಲ್ಲಿ ಜೀವಿಗಳ ಬಗೆ ಕಡಿಮೆ, ಸಂಖ್ಯೆಯೂ ಕಡಿಮೆ, ಓಡಿಹೋಗಲು ಬೇರೆ ಜಾಗವಿಲ್ಲ. ಇಲಿಯನ್ನೇ ಕಾಣದೆ ಸಾವಿರಾರು ವರ್ಷ ನೆಲದ ಮೇಲೆ ಮೊಟ್ಟೆಯಿಟ್ಟ ಕಡಲಹಕ್ಕಿಗೆ ಹಡಗಿನಿಂದ ಇಳಿದ ಇಲಿಯ ಎದುರು ಯಾವ ರಕ್ಷಣೆಯೂ ಇಲ್ಲ. ಮೇಲಾಗಿ ಅಕ್ಕಿಯಿಂದ ಸಿಮೆಂಟಿನವರೆಗೆ ಎಲ್ಲವೂ ಹಡಗಿನಲ್ಲೇ ಬರಬೇಕು. ಬರುವ ಪ್ರತಿ ಹಡಗೂ ಒಂದು ಬಾಗಿಲು. 2023ರಲ್ಲಿ ಐಪಿಬಿಇಎಸ್ (ಜೀವವೈವಿಧ್ಯದ ಬಗ್ಗೆ ಸರ್ಕಾರಗಳಿಗೆ ವರದಿ ಕೊಡುವ ಅಂತರರಾಷ್ಟ್ರೀಯ ವಿಜ್ಞಾನ ವೇದಿಕೆ) ಪ್ರಕಟಿಸಿದ ಜಾಗತಿಕ ವರದಿಯ ಪ್ರಕಾರ, ಮುಖ್ಯವಾಗಿ ಆಕ್ರಮಣಕಾರಿ ಜೀವಿಗಳಿಂದಲೇ ಆದ ಅಳಿವುಗಳಲ್ಲಿ ಶೇ. 90 ದ್ವೀಪಗಳಲ್ಲಿ ಆಗಿವೆ. ಅದೇ ವರದಿ 3,500ಕ್ಕೂ ಹೆಚ್ಚು ಜೀವಿಗಳನ್ನು ಹಾನಿಕರವೆಂದು ಗುರುತಿಸಿದೆ.

ನಮ್ಮ ದೇಶದಲ್ಲಿ ಈ ಕೆಲಸದ ನೆಲೆಗಳು ಲಕ್ಷದ್ವೀಪ, ಅಂಡಮಾನ್ ಮತ್ತು ನಿಕೋಬಾರ್, ತಮಿಳುನಾಡಿನ ಮನ್ನಾರ್ ಕೊಲ್ಲಿಯ ದ್ವೀಪಗಳು, ಕಛ್ ಕೊಲ್ಲಿ. ಕರ್ನಾಟಕದಲ್ಲೇ ಮುರ್ಡೇಶ್ವರದ ಎದುರಿನ ನೇತ್ರಾಣಿ, ಮಲ್ಪೆಯ ಸೇಂಟ್ ಮೇರೀಸ್, ಕಾರವಾರದ ಎದುರಿನ ಕೂರ್ಮಗಡ, ದೇವಗಡ ಇವೆ.

ಸಮುದ್ರದಲ್ಲಿ ಇವು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬರುವುದು ಹೇಗೆ?

ಮುಖ್ಯ ದಾರಿ ಎರಡು, ಎರಡೂ ಹಡಗಿನವೇ.

ಮೊದಲನೆಯದು ಬ್ಯಾಲಾಸ್ಟ್ ನೀರು. ಸರಕು ಇಳಿಸಿ ಹಗುರಾದ ಹಡಗು ಅಲೆಗೆ ಮಗುಚದಿರಲಿ ಎಂದು ತೊಟ್ಟಿಗಳಿಗೆ ಆ ಬಂದರಿನ ಸಮುದ್ರದ ನೀರನ್ನೇ ತುಂಬಿಕೊಳ್ಳುತ್ತದೆ. ಸರಕು ತುಂಬುವ ಬಂದರಿಗೆ ಬಂದಾಗ ಆ ನೀರನ್ನು ಹೊರಗೆ ಬಿಡುತ್ತದೆ. ನೀರಿನ ಜೊತೆ ಏಡಿಯ ಮರಿ, ಚಿಪ್ಪುಜೀವಿಯ ಮರಿ, ಪಾಚಿಯ ಬೀಜಾಣು, ಬ್ಯಾಕ್ಟೀರಿಯಾ ಎಲ್ಲವೂ ಊರು ಬದಲಿಸುತ್ತವೆ. ಇದಕ್ಕೆಂದೇ 2004ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವಾಗಿ, 2017ರ ಸೆಪ್ಟೆಂಬರ್ 8ರಂದು ಜಾರಿಗೆ ಬಂತು. 2024ರ ಸೆಪ್ಟೆಂಬರ್‌ವರೆಗೆ ನಡೆದ ಮೊದಲ ಹಂತದ ನಿಯಮ ಸರಳ: ದಡದಿಂದ ಸಾಧ್ಯವಾದರೆ 200 ನಾಟಿಕಲ್ ಮೈಲಿ ಆಚೆ, ಕನಿಷ್ಠ 200 ಮೀಟರ್ ಆಳವಿರುವ ಕಡೆ ತೊಟ್ಟಿಯ ನೀರಿನ ಶೇ. 95ರಷ್ಟನ್ನಾದರೂ ಬದಲಿಸಬೇಕಿತ್ತು. ದಡದ ಜೀವಿ ನಡುಗಡಲಲ್ಲಿ ಬದುಕುವುದಿಲ್ಲ, ನಡುಗಡಲಿನದು ದಡದಲ್ಲಿ ಬದುಕುವುದಿಲ್ಲ ಎಂಬುದು ಇದರ ತರ್ಕ.

ಈಗಿರುವ ಎರಡನೇ ಹಂತದ ನಿಯಮ ಬಿಗಿ. ಹೊರಬಿಡುವ ನೀರಿನ ಪ್ರತಿ ಘನ ಮೀಟರಿನಲ್ಲಿ 50 ಮೈಕ್ರೋಮೀಟರ್ ಅಥವಾ ಅದಕ್ಕೂ ದೊಡ್ಡ ಜೀವಂತ ಜೀವಿಗಳು 10ಕ್ಕಿಂತ ಕಡಿಮೆ ಇರಬೇಕು. 10ರಿಂದ 50 ಮೈಕ್ರೋಮೀಟರಿನವು ಪ್ರತಿ ಮಿಲಿಲೀಟರಿಗೆ 10ಕ್ಕಿಂತ ಕಡಿಮೆ. ಇದಕ್ಕೆ ಹಡಗಿನಲ್ಲೇ ಸೋಸುವ ಯಂತ್ರ, ಜೊತೆಗೆ ನೇರಳಾತೀತ ಬೆಳಕು ಅಥವಾ ಕ್ಲೋರಿನ್ ಉಪಚಾರ ಬೇಕು. ಆದರೂ ಲೆಕ್ಕ ಹಾಕಿ ನೋಡಿ: 30,000 ಘನ ಮೀಟರ್ ನೀರು ಹೊತ್ತ ಹಡಗು ನಿಯಮವನ್ನು ಅಕ್ಷರಶಃ ಪಾಲಿಸಿದರೂ ಹತ್ತಿರ ಹತ್ತಿರ 3 ಲಕ್ಷ ದೊಡ್ಡ ಜೀವಿಗಳನ್ನು ಇಳಿಸಬಹುದು. ನಿಯಮ ಅಪಾಯವನ್ನು ಬಹಳ ತಗ್ಗಿಸುತ್ತದೆ, ಇಲ್ಲವಾಗಿಸುವುದಿಲ್ಲ. ಹಾಗಾಗಿ ಬಂದರಿನಲ್ಲಿ ಕಣ್ಣಿಟ್ಟು ಕೂರುವವರು ಬೇಕೇ ಬೇಕು.

ಎರಡನೆಯ ದಾರಿ ಹಡಗಿನ ಅಡಿಮೈ. ಬಾರ್ನಕಲ್ (ಸುಣ್ಣದ ಗೂಡಿನ ಸಣ್ಣ ಜೀವಿ), ಪಚ್ಚಿಲೆ (ಎರಡು ಚಿಪ್ಪಿನ ಕಡಲಜೀವಿ), ಸ್ಪಂಜು, ಕಡಲಕಳೆ ಎಲ್ಲವೂ ಅಲ್ಲಿ ಅಂಟಿಕೊಂಡು ಬರುತ್ತವೆ. ದೊಡ್ಡ ಹಡಗಿನ ಚಪ್ಪಟೆ ಮೈಯಲ್ಲಿ ಅಂಟುನಿರೋಧಕ ಬಣ್ಣ ಇರುವುದರಿಂದ ಅಲ್ಲಿ ಕಡಿಮೆ. ನೀರು ಎಳೆಯುವ ಕಿಂಡಿ, ಚುಕ್ಕಾಣಿಯ ಸಂದು, ಪ್ರೊಪೆಲ್ಲರಿನ ಬುಡದಲ್ಲೇ ಹೆಚ್ಚು. ತಪಾಸಣೆಗೆ ಇಳಿದ ಹೊಸಬರು ಅಗಲವಾದ ಮೈ ನೋಡಿ 'ಚೊಕ್ಕಟವಾಗಿದೆ' ಎಂದು ಬರೆದು ಮೇಲೆ ಬರುವುದುಂಟು. ಸಂದುಗಳಿಗೆ ಟಾರ್ಚ್ ಬಿಡದ ತಪಾಸಣೆ ತಪಾಸಣೆಯೇ ಅಲ್ಲ. ತಿಂಗಳುಗಟ್ಟಲೆ ಒಂದೇ ಕಡೆ ನಿಂತು ಆಮೇಲೆ ಹೊರಡುವ ದೋಣಿ, ಬಾರ್ಜ್ (ಸರಕಿನ ಚಪ್ಪಟೆ ದೋಣಿ), ಹೂಳೆತ್ತುವ ಡ್ರೆಡ್ಜರ್‌ಗಳು ಇನ್ನೂ ಅಪಾಯ.

ಇವುಗಳ ಜೊತೆಗೆ ಕೃಷಿಗೆಂದು ತಂದು ತಪ್ಪಿಸಿಕೊಂಡವು, ಅಕ್ವೇರಿಯಮ್ಮಿನಿಂದ ಜನ ಸುರಿದವೂ ಇವೆ.

ನಮ್ಮ ದೇಶದ ಒಂದು ಉದಾಹರಣೆ ಹೇಳಿ.

ಕಪ್ಪಾಫೈಕಸ್ ಅಲ್ವಾರೆಝಿ. ಇದು ಫಿಲಿಪೀನ್ಸ್ ಕಡೆಯ ಕೆಂಪು ಕಡಲಕಳೆ. ಇದರಿಂದ ಕ್ಯಾರಜೀನನ್ ತೆಗೆಯುತ್ತಾರೆ. ಐಸ್‌ಕ್ರೀಮು, ಚಾಕೊಲೇಟ್ ಹಾಲು ಒಡೆಯದೆ ಗಟ್ಟಿಯಾಗಿ ನಿಲ್ಲುವುದು ಇಂಥ ಪದಾರ್ಥದಿಂದ. ತಮಿಳುನಾಡಿನ ಮಂಡಪಂ ಕರಾವಳಿಯಲ್ಲಿ ಇದರ ಕೃಷಿ ಶುರುವಾಯಿತು. ಮೀನುಗಾರ ಹೆಣ್ಣುಮಕ್ಕಳಿಗೆ ಅದರಿಂದ ನಿಜವಾದ ಆದಾಯವೂ ಬಂತು. ಅದನ್ನು ಮರೆತು ಮಾತಾಡುವುದು ಅನ್ಯಾಯ. ಆದರೆ ತೆಪ್ಪದಿಂದ ತುಂಡಾಗಿ ತೇಲಿದ ಕಳೆ ಮನ್ನಾರ್ ಕೊಲ್ಲಿ ಕಡಲ ರಾಷ್ಟ್ರೀಯ ಉದ್ಯಾನದ ಕುರುಸಡೈ ದ್ವೀಪದ ಹವಳಗಳ ಮೇಲೆ ಬೇರೂರಿದ್ದು 2008ರಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ದಾಖಲಾಯಿತು. ಶಿಂಗಲ್ ಮತ್ತು ಮುಲ್ಲಿ ದ್ವೀಪಗಳಲ್ಲೂ ಕಂಡಿತು.

ಹತ್ತಿರದಿಂದ ನೋಡಿದರೆ ಹೀಗಿರುತ್ತದೆ: ಬೆರಳು ಗಾತ್ರದ, ರಬ್ಬರಿನಂತೆ ಬಾಗುವ, ಹಸಿರು-ಕಂದು ಕವಲುಗಳು. ಹವಳದ ಕೊಂಬೆಗಳ ನಡುವೆ ನುಗ್ಗಿ, ಮೇಲೆ ಚಾಪೆಯಂತೆ ಹರಡುತ್ತದೆ. ಹವಳದೊಳಗೆ ಬದುಕುವ ಸೂಕ್ಷ್ಮ ಪಾಚಿಗೆ ಬಿಸಿಲು ಸಿಗದೆ, ಕೆಲವು ವಾರಗಳಲ್ಲಿ ಹವಳ ಬಿಳಿಚಿ ಸಾಯುತ್ತದೆ. ಚಾಪೆ ಎತ್ತಿದರೆ ಕೆಳಗೆ ಬರೀ ಸುಣ್ಣದ ಅಸ್ಥಿಪಂಜರ.

ಕಿತ್ತು ಹಾಕಿದರೆ ಮುಗಿಯಲಿಲ್ಲವೇ?

ಕೀಳುವುದೇ ಅಪಾಯ. ಈ ಕಳೆ ಬೀಜಕ್ಕಿಂತ ತುಂಡಿನಿಂದಲೇ ಹಬ್ಬುತ್ತದೆ. ಕೀಳುವಾಗ ಉದುರಿದ ಸಣ್ಣ ಚೂರು ಹರಿವಿನಲ್ಲಿ ಹೋಗಿ ಮುಂದಿನ ಹವಳಕ್ಕೆ ಅಂಟಿದರೆ ಹೊಸ ಗಿಡ. ಆದ್ದರಿಂದ ಕೈಯಿಂದ ತೆಗೆಯುವುದಕ್ಕೆ ಒಂದು ಶಿಸ್ತಿದೆ.

ನೀರು ಇಳಿದ, ಅಲೆ ಕಡಿಮೆಯಿರುವ ಹೊತ್ತು ಆರಿಸಿ. ಇಬ್ಬಿಬ್ಬರ ಜೋಡಿ ಮಾಡಿ: ಒಬ್ಬರು ಬುಡದಿಂದ ಬಿಡಿಸುವುದು, ಇನ್ನೊಬ್ಬರು ಹರಿವಿನ ಕೆಳಬದಿಯಲ್ಲಿ ಸಣ್ಣ ಕಣ್ಣಿನ ಕೈಬಲೆ ಹಿಡಿದು ತೇಲಿ ಬರುವ ಚೂರುಗಳನ್ನು ಹಿಡಿಯುವುದು. ಜಗ್ಗಬೇಡಿ. ಜಗ್ಗಿದರೆ ಕಳೆಯ ಜೊತೆ ಹವಳದ ಕೊಂಬೆಯೂ ಮುರಿಯುತ್ತದೆ. ಚೀಲ ದೊಡ್ಡ ಕಣ್ಣಿನದಾದರೆ ದೋಣಿಗೆ ಎತ್ತುವಾಗ ಅರ್ಧ ಚೂರು ಮತ್ತೆ ನೀರಿಗೇ ಬೀಳುತ್ತದೆ. ತೆಗೆದದ್ದನ್ನು ಉಬ್ಬರದ ಗೆರೆಯಿಂದ ಮೇಲೆ ಹೊತ್ತೊಯ್ದು ಬಿಸಿಲಲ್ಲಿ ಪೂರ್ತಿ ಒಣಗಿಸಿ. ಆಮೇಲೆ ಕೆಲವು ವಾರ ಬಿಟ್ಟು ಅದೇ ಜಾಗಕ್ಕೆ ಮರಳಿ ಹೋಗಲೇಬೇಕು, ಏಕೆಂದರೆ ಕೊಂಬೆಯ ಸಂದಿನಲ್ಲಿ ಉಳಿದ ಬುಡ ಚಿಗುರುತ್ತದೆ. ಒಂದೇ ಸಲ ತೆಗೆದು ಫೋಟೋ ಹಾಕಿ ಸುಮ್ಮನಾಗುವ ಅಭಿಯಾನದಿಂದ ಲಾಭಕ್ಕಿಂತ ಹರಡುವಿಕೆಯೇ ಹೆಚ್ಚು. ಹಣ ಎರಡನೆಯ, ಮೂರನೆಯ ಭೇಟಿಗೂ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಹವಾಯಿಯ ಕನೋಹೆ ಕೊಲ್ಲಿಯಲ್ಲಿ ಇದೇ ಗುಂಪಿನ ಕಳೆಗೆ ಬಾರ್ಜಿನ ಮೇಲೆ ಪಂಪ್ ಕೂರಿಸಿ, ಮುಳುಗುಗಾರರು ಕಳೆಯನ್ನು ಕೊಳವೆಗೆ ಉಣಿಸುವ ವಿಧಾನ ಬಳಸಿದರು. ಮೇಲೆ ಬಂದದ್ದನ್ನು ಕೈಯಲ್ಲಿ ಆರಿಸಿ, ಸಿಕ್ಕಿಬಿದ್ದ ಮೀನು-ಏಡಿಗಳನ್ನು ಮರಳಿ ಬಿಟ್ಟು, ಕಳೆಯನ್ನು ರೈತರಿಗೆ ಗೊಬ್ಬರಕ್ಕೆ ಕೊಟ್ಟರು. ತೆಗೆದ ಜಾಗದಲ್ಲಿ ಅಲ್ಲಿನದೇ ಆದ ಕಡಲ ಮುಳ್ಳುಚೆಂಡುಗಳನ್ನು (ಸೀ ಅರ್ಚಿನ್) ಮರಿ ಮಾಡಿಸಿ ಬಿಟ್ಟರು, ಚಿಗುರನ್ನು ಅವು ಮೇಯುತ್ತವೆ. ಪಂಪ್ ಮತ್ತು ಮೇಯುವ ಜೀವಿ ಎರಡೂ ಸೇರಿದಾಗ ಫಲ ಚೆನ್ನಾಗಿ ಬಂತು.

ಪೂರ್ತಿ ನಿರ್ಮೂಲ ಮಾಡಿದ ಉದಾಹರಣೆ ಇದೆಯೇ?

ಇದೆ, ಆದರೆ ಕಡಿಮೆ. ಗೆದ್ದ ಕಡೆಯೆಲ್ಲ ಗೆಲ್ಲಿಸಿದ್ದು ವೇಗ.

ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿ 1999ರ ಮಾರ್ಚ್‌ನಲ್ಲಿ ವಿಹಾರ ದೋಣಿಗಳ ನಿಲ್ದಾಣವೊಂದರಲ್ಲಿ ಕಪ್ಪುಪಟ್ಟೆ ಪಚ್ಚಿಲೆ ಕಂಡಿತು. ಹುಟ್ಟೂರು ಕೆರಿಬಿಯನ್ ಕಡೆ, ಉಗುರಿನಷ್ಟು ಗಾತ್ರ. ಕೆಲವೇ ತಿಂಗಳ ಹಿಂದೆ ಅದೇ ಜಾಗದ ಸಮೀಕ್ಷೆಯಲ್ಲಿ ಅದು ಇರಲಿಲ್ಲ ಎಂದು ಬರೆದಿಟ್ಟಿದ್ದರು. ಆ 'ಇಲ್ಲ' ಎಂಬ ದಾಖಲೆಯಿಂದಲೇ ಇದು ಹೊಸದಾಗಿ ಬಂದದ್ದು, ಇನ್ನೂ ಹೊರಗೆ ಹೆಚ್ಚು ಹೋಗಿರಲಾರದು ಎಂದು ನಿರ್ಧರಿಸಲು ಸಾಧ್ಯವಾಯಿತು. ಅಲ್ಲಿನ ಉಬ್ಬರ-ಇಳಿತದ ವ್ಯತ್ಯಾಸ ತುಂಬಾ ದೊಡ್ಡದಾದ್ದರಿಂದ ನಿಲ್ದಾಣಗಳಿಗೆ ಗೇಟುಗಳಿದ್ದವು. ಮೂರು ನಿಲ್ದಾಣಗಳ ಗೇಟು ಮುಚ್ಚಿ, ನೀರಿಗೆ ಕ್ಲೋರಿನ್ ಮತ್ತು ಮೈಲುತುತ್ತ ಸುರಿದರು. ಒಳಗಿದ್ದ ಬೇರೆ ಜೀವಿಗಳೂ ಸತ್ತವು. ಅದು ಗೊತ್ತಿದ್ದೇ ಮಾಡಿದ ಕಠಿಣ ತೀರ್ಮಾನ. ಕೆಲವು ವಾರಗಳಲ್ಲಿ ಪಚ್ಚಿಲೆ ನಿರ್ಮೂಲವಾಯಿತು. ಇದೇ ಪಚ್ಚಿಲೆ ನಮ್ಮ ವಿಶಾಖಪಟ್ಟಣದಲ್ಲಿ 1967ರಲ್ಲೇ ದಾಖಲಾಗಿತ್ತು, ಇಂದಿಗೂ ನಮ್ಮ ಬಂದರುಗಳಲ್ಲಿದೆ.

ಕ್ಯಾಲಿಫೋರ್ನಿಯಾದ ಒಂದು ಹಿನ್ನೀರಿನಲ್ಲಿ 2000ದ ಜೂನ್‌ನಲ್ಲಿ ಕಾಲರ್ಪಾ ಎಂಬ ಅಕ್ವೇರಿಯಂ ಪಾಚಿ ಕಂಡಾಗ, ಅದರ ಮೇಲೆ ಟಾರ್ಪಾಲು ಹೊದಿಸಿ, ಅಂಚಿಗೆ ಮರಳಿನ ಚೀಲ ಇಟ್ಟು, ಒಳಗೆ ಕ್ಲೋರಿನ್ ಬಿಟ್ಟರು. ಕೆಲಸ ಶುರುವಾದದ್ದು ಮೂರು ವಾರದೊಳಗೆ, 'ಹೋಯಿತು' ಎಂದು ಘೋಷಿಸಿದ್ದು 2006ರಲ್ಲಿ. ಕೊಂದದ್ದು ಬೇಗ, ಖಚಿತ ಮಾಡಿಕೊಳ್ಳಲು ವರ್ಷಗಳು.

ತೆರೆದ ಕಡಲಲ್ಲಿ ಹಬ್ಬಿದ ಮೇಲೆ ಇಂಥದ್ದು ಆಗದು. ಕೇರಳದ ಅಷ್ಟಮುಡಿ ಹಿನ್ನೀರಿನಲ್ಲಿ ಅಮೆರಿಕದ ಚಾರು ಪಚ್ಚಿಲೆ ಬಂದು, ಜನರ ಹೊಟ್ಟೆಪಾಡಾಗಿದ್ದ ಮರುವಾಯಿ ಎಂಬ ತಿನ್ನುವ ಚಿಪ್ಪುಜೀವಿಯ ನೆಲೆಗಳನ್ನು ಮುಚ್ಚಿಹಾಕಿದೆ. ಅಲ್ಲಿನವರು ಅದನ್ನು 'ವರತ್ತನ್ ಕಕ್ಕ' ಎನ್ನುತ್ತಾರೆ, ಪರಊರಿನ ಚಿಪ್ಪು ಎಂದು.

ಪಿಯುಸಿಯಿಂದ ಈ ಕೆಲಸಕ್ಕೆ ದಾರಿ ಯಾವುದು?

ವಿಜ್ಞಾನ ವಿಭಾಗದಲ್ಲಿ ಜೀವಶಾಸ್ತ್ರ ಇರಲಿ. ಗಣಿತ ಬಿಡದಿದ್ದರೆ ಒಳ್ಳೆಯದು, ಮುಂದೆ ಅಂಕಿಅಂಶದ ಕೆಲಸ ತುಂಬಾ ಇರುತ್ತದೆ. ನೀಟ್ ಬೇಕಿಲ್ಲ. ಇಲ್ಲಿಂದ ಎರಡು ದಾರಿ.

ಒಂದು, ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ನಾಲ್ಕು ವರ್ಷದ ಬಿಎಫ್‌ಎಸ್‌ಸಿ (ಮೀನುಗಾರಿಕೆ ವಿಜ್ಞಾನದ ಪದವಿ). 1969ರಲ್ಲಿ ಶುರುವಾದ ಕಾಲೇಜು, ಈಗ ಬೀದರಿನ ಪಶು ವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿದೆ. ಸೀಟು ಕೆಸಿಇಟಿ ಮೂಲಕ. ಕೃಷಿಕರ ಮಕ್ಕಳಿಗೆ ಕೋಟಾ ಇದೆ, ಮಂಡ್ಯ ಕಡೆಯವರು ದಾಖಲೆಗಳನ್ನು ಮೊದಲೇ ಜೋಡಿಸಿಟ್ಟುಕೊಳ್ಳಿ.

ಇನ್ನೊಂದು, ಮೈಸೂರಿನಲ್ಲೋ ಮಂಡ್ಯದಲ್ಲೋ ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ, ಪರಿಸರ ವಿಜ್ಞಾನದಲ್ಲಿ ಬಿಎಸ್‌ಸಿ ಮುಗಿಸಿ, ಎಂಎಸ್‌ಸಿಗೆ ಕಡಲ ಬದಿಗೆ ಹೋಗುವುದು. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಶುರುಮಾಡಿದ ಕಡಲ ಜೀವಶಾಸ್ತ್ರ ವಿಭಾಗ, ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿರುವ (2024ರಿಂದ ಅಧಿಕೃತವಾಗಿ ಶ್ರೀ ವಿಜಯ ಪುರಂ) ಪಾಂಡಿಚೇರಿ ವಿಶ್ವವಿದ್ಯಾಲಯದ ಸಾಗರ ಅಧ್ಯಯನ ವಿಭಾಗ, ಅಣ್ಣಾಮಲೈ ವಿಶ್ವವಿದ್ಯಾಲಯದ ಪರಂಗಿಪೇಟ್ಟೈ ಕೇಂದ್ರ, ಕೊಚ್ಚಿಯ ಕುಸಾಟ್ (ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ), ಗೋವಾ ವಿಶ್ವವಿದ್ಯಾಲಯ ಗೊತ್ತಿರಬೇಕಾದ ಹೆಸರುಗಳು. ದ್ವೀಪದ ಕೆಲಸವೇ ಬೇಕೆಂದಿರುವವರಿಗೆ ಪೋರ್ಟ್ ಬ್ಲೇರ್ ನಮ್ಮ ಮೊದಲ ಸಲಹೆ: ತರಗತಿಯಿಂದ ಹೊರಬಂದರೆ ಕಡಲು ಅಲ್ಲೇ ಇರುತ್ತದೆ.

ಆಮೇಲೆ ಪಿಎಚ್‌ಡಿ. ಇದಕ್ಕೆ ಸಿಎಸ್‌ಐಆರ್-ಯುಜಿಸಿ ನೆಟ್ ಅಥವಾ ಗೇಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆ ಬರೆಯಬೇಕು. ಗೇಟ್‌ನಲ್ಲಿ ಪರಿಸರ ಮತ್ತು ವಿಕಾಸ ಎಂಬ ಪ್ರತ್ಯೇಕ ಪತ್ರಿಕೆಯಿದೆ.

ಮೈಸೂರಿನಲ್ಲಿ ಸಮುದ್ರವೇ ಇಲ್ಲ. ಇಲ್ಲಿದ್ದುಕೊಂಡು ಏನು ಕಲಿಯಬಹುದು?

ಬೇಕಾದಷ್ಟು. ಮೊದಲಿಗೆ, ಲಕ್ಷದ್ವೀಪದ ಹವಳದ ದಿಬ್ಬಗಳನ್ನು ಬಹುಕಾಲದಿಂದ ಅಧ್ಯಯನ ಮಾಡುತ್ತಿರುವ ನೇಚರ್ ಕನ್ಸರ್ವೇಷನ್ ಫೌಂಡೇಶನ್‌ನ ಕೇಂದ್ರ ಕಚೇರಿ ಇರುವುದು ಮೈಸೂರಿನಲ್ಲೇ. ಎಷ್ಟೋ ವಿದ್ಯಾರ್ಥಿಗಳಿಗೆ ಇದು ಗೊತ್ತೇ ಇರುವುದಿಲ್ಲ.

ಇನ್ನು ಅಭ್ಯಾಸಕ್ಕೆ ಕೆರೆ ಸಾಕು. ಅಂತರಗಂಗೆ ಎಷ್ಟು ಹಬ್ಬಿದೆ ಎಂದು ಅಳೆಯುವುದೂ ಹವಳದ ಮೇಲೆ ಕಳೆ ಎಷ್ಟು ಹಬ್ಬಿದೆ ಎಂದು ಅಳೆಯುವುದೂ ಒಂದೇ ಕೌಶಲ. ಅದಕ್ಕೆ ಬೇಕಾದ ಚೌಕಟ್ಟನ್ನು ನೀವೇ ಮಾಡಿಕೊಳ್ಳಿ. ಹಾರ್ಡ್‌ವೇರ್ ಅಂಗಡಿಯಿಂದ ಅರ್ಧ ಇಂಚಿನ ಪಿವಿಸಿ ಪೈಪ್, ನಾಲ್ಕು ಎಲ್ಬೋ, ಒಂದು ಡಬ್ಬಿ ಸಾಲ್ವೆಂಟ್ ತನ್ನಿ. ಒಳ ಅಳತೆ ಸರಿಯಾಗಿ 50 ಸೆಂ.ಮೀ. ಚೌಕ ಬರಬೇಕು. ಪೈಪನ್ನೇ 50ಕ್ಕೆ ಕತ್ತರಿಸಿದರೆ ಎಲ್ಬೋ ಸೇರಿದ ಮೇಲೆ ಅಳತೆ ತಪ್ಪುತ್ತದೆ. ಆದ್ದರಿಂದ ಮೊದಲು ಅಂಟಿಲ್ಲದೆ ಜೋಡಿಸಿ ಅಳೆದು, ಆಮೇಲೆ ಅಂಟಿಸಿ. ಪ್ರತಿ ಬದಿಯಲ್ಲಿ 5 ಸೆಂ.ಮೀ.ಗೊಂದು ಗುರುತು ಹಾಕಿ ತೂತು ಕೊರೆದು, ಆಚೆಯಿಂದೀಚೆಗೆ 9, ಮೇಲಿನಿಂದ ಕೆಳಗೆ 9 ನೈಲಾನ್ ದಾರ ಬಿಗಿಯಿರಿ. 100 ಚಿಕ್ಕ ಮನೆ, 81 ಗಂಟುಬಿಂದು ಸಿಗುತ್ತವೆ. ಎಷ್ಟು ಬಿಂದುಗಳ ಕೆಳಗೆ ಕಳೆಯಿದೆ ಎಂದು ಎಣಿಸುವುದೇ ಅಳತೆ. ಹತ್ತಿಯ ದಾರ ಬೇಡ, ನೆಂದರೆ ಜೋತುಬೀಳುತ್ತದೆ. ಕಡಲಲ್ಲಿ ಬಳಸುವಾಗ ಕೊರೆದ ತೂತುಗಳಿಂದ ಒಳಗೆ ನೀರು ತುಂಬಿ ಚೌಕಟ್ಟು ಮುಳುಗಬೇಕು. ತೂತು ಮುಚ್ಚಿಹೋದರೆ ಅದು ತೇಲುತ್ತಲೇ ಇರುತ್ತದೆ, ಹಿಡಿದಿಡುವುದರಲ್ಲೇ ನಿಮ್ಮ ಉಸಿರು ಮುಗಿಯುತ್ತದೆ.

ಕುಕ್ಕರಹಳ್ಳಿ ಕೆರೆಯಂಥ ಕಡೆ ವಿಶ್ವವಿದ್ಯಾನಿಲಯದ ಅನುಮತಿ ಕೇಳಿ, ದಡದಿಂದಲೇ ಮಾಡಿ. ರಂಗನತಿಟ್ಟಿನ ಸುತ್ತ, ಕಾವೇರಿಯ ನಡುಗಡ್ಡೆಗಳ ಬಳಿ ನೀರಿಗೆ ಇಳಿಯಲೇ ಬೇಡಿ: ಮೊಸಳೆಗಳಿವೆ, ಕೆಆರ್‌ಎಸ್‌ನಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ.

ಇನ್ನೊಂದು ಅಭ್ಯಾಸ: ಮೀನು ಮಾರುಕಟ್ಟೆ. ಜಿಲೇಬಿ ಮೀನು 1952ರಲ್ಲಿ ಭಾರತಕ್ಕೆ ತಂದದ್ದು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ 2000ದಿಂದ ನಿಷೇಧವಿದೆ. ಯಾವುದು ಊರಿನ ಮೀನು, ಯಾವುದು ಹೊರಗಿನದು ಎಂದು ಬೆಸ್ತರನ್ನು, ಮಾರುವವರನ್ನು ಕೇಳಿ ಪಟ್ಟಿ ಮಾಡಿ. ಊರಿನ ಜೀವಿಗಳು ಕೈಬೆರಳಲ್ಲಿ ಎಣಿಸುವಷ್ಟು ಪರಿಚಿತವಾದಾಗಲೇ ಪರಕೀಯ ಜೀವಿ ಕಣ್ಣಿಗೆ ಚುಚ್ಚುತ್ತದೆ.

ಕಾವೇರಿಗೆ ಮೀನು ಬಿಡುವುದು ಪುಣ್ಯದ ಕೆಲಸವಲ್ಲವೇ? ಇದಕ್ಕೂ ಅದಕ್ಕೂ ಏನು ಸಂಬಂಧ?

ನೇರ ಸಂಬಂಧ. ಕಾವೇರಿಯಲ್ಲೇ ಹುಟ್ಟಿ ಬೆಳೆದ ಗೂನುಬೆನ್ನಿನ ಮಹಶೀರ್ 2018ರಲ್ಲಿ ಅಳಿವಿನ ತೀವ್ರ ಅಪಾಯದ ಪಟ್ಟಿ ಸೇರಿತು. ಕಾರಣಗಳಲ್ಲಿ ಒಂದು, ಒಳ್ಳೆಯ ಉದ್ದೇಶದಿಂದಲೇ ಹೊಳೆಗೆ ಬಿಟ್ಟ ಬೇರೆ ಜಾತಿಯ ಮಹಶೀರ್. ಅಕ್ವೇರಿಯಮ್ಮಿನ ಮೀನು ಬೇಡವಾದರೆ ಅಂಗಡಿಗೆ ಹಿಂದಿರುಗಿಸಿ, ಇಲ್ಲ ಸಾಕುವ ಇನ್ನೊಬ್ಬರಿಗೆ ಕೊಡಿ.

ಈಜು ಬರದಿದ್ದರೆ ಆಗುತ್ತದೆಯೇ? ಡೈವಿಂಗ್ ಕಡ್ಡಾಯವೇ?

ಡೈವಿಂಗ್ ಕಡ್ಡಾಯವಲ್ಲ, ಈಜು ಕಡ್ಡಾಯ ಎಂದೇ ತಿಳಿಯಿರಿ. ದೋಣಿಯಿಂದ ಬಿದ್ದರೆ ಬದುಕಬೇಕಲ್ಲ. ಸರಸ್ವತಿಪುರಂನ ವಿಶ್ವವಿದ್ಯಾನಿಲಯದ ಈಜುಕೊಳದಂಥ ಕಡೆ ಕಲಿಯಬಹುದು. ಪಾಡಿ ಎಂಬ ಡೈವಿಂಗ್ ತರಬೇತಿ ಸಂಸ್ಥೆಯ ಮೊದಲ ಹಂತದ ಪ್ರಮಾಣಪತ್ರಕ್ಕೆ 200 ಮೀಟರ್ ಈಜಬೇಕು, ಕಾಲಮಿತಿಯಿಲ್ಲ. ಆಮೇಲೆ 10 ನಿಮಿಷ ತೇಲುತ್ತಾ ಇರಬೇಕು. ಅದು 18 ಮೀಟರ್ ಆಳದವರೆಗೆ ಅರ್ಹತೆ ಕೊಡುತ್ತದೆ. ಆಸ್ತಮಾ, ಕಿವಿಯ ತೊಂದರೆ, ಹೃದಯದ ತೊಂದರೆ ಇದ್ದವರು ಮುಚ್ಚಿಡದೆ ವೈದ್ಯರಿಗೆ ಹೇಳಿ. ಹಲವು ದಿನ ಡೈವ್ ಮಾಡಿದ ಮೇಲೆ ವಿಮಾನ ಹತ್ತಲು ಕನಿಷ್ಠ 18 ಗಂಟೆ ಬಿಡಬೇಕು. ಪೋರ್ಟ್ ಬ್ಲೇರ್‌ನಿಂದ ಬೆಂಗಳೂರಿಗೆ ಟಿಕೆಟ್ ತೆಗೆಯುವಾಗ ಇದನ್ನು ಮರೆಯುವವರು ಬಹಳ.

ಹೊಸ ಜೀವಿ ಬಂದಿದೆಯೇ ಎಂದು ತಿಳಿಯುವುದು ಹೇಗೆ?

ಅಂಟುಫಲಕ, ಅಂದರೆ ಕಡಲಜೀವಿಗಳು ಅಂಟಿ ಬೆಳೆಯಲೆಂದು ನೀರಿಗೆ ಇಳಿಬಿಡುವ ಹಲಗೆ, ಎಲ್ಲಕ್ಕಿಂತ ಅಗ್ಗದ, ನಂಬಬಹುದಾದ ಉಪಾಯ. 14 ಸೆಂ.ಮೀ. ಚೌಕದ ಪಿವಿಸಿ ಹಲಗೆಯ ಒಂದು ಮುಖವನ್ನು ಒರಟು ಮರಳುಕಾಗದದಿಂದ ಉಜ್ಜಿ. ನುಣುಪಾದ ಮೈಗೆ ಮರಿಗಳು ಸರಿಯಾಗಿ ಅಂಟುವುದಿಲ್ಲ. ಹಲಗೆಯನ್ನು ಇಟ್ಟಿಗೆಗೆ ಕೇಬಲ್ ಟೈನಿಂದ ಬಿಗಿದು, ಉಜ್ಜಿದ ಮುಖ ಕೆಳಗಿರುವಂತೆ ಜೆಟ್ಟಿಯಿಂದ ತೂಗುಬಿಡಿ. ಮುಖ ಮೇಲಿದ್ದರೆ ಕೆಸರು ಕೂತು, ಪಾಚಿ ಬೆಳೆದು ಬೇರೆಯವಕ್ಕೆ ಜಾಗವಿರುವುದಿಲ್ಲ. ಆಳ 1 ಮೀಟರ್. ತೇಲುವ ಜೆಟ್ಟಿಯಾದರೆ ನೀರಿನ ಮೇಲ್ಮೈಯಿಂದ ಅಳೆಯಿರಿ, ಕಂಬದ ಜೆಟ್ಟಿಯಾದರೆ ಅತಿ ಕೆಳಗಿನ ಇಳಿತದ ಮಟ್ಟದಿಂದ. ಇಲ್ಲಿ ತಪ್ಪಿದರೆ ಅಮಾವಾಸ್ಯೆ-ಹುಣ್ಣಿಮೆಯ ಇಳಿತದಲ್ಲಿ ಫಲಕ ಗಾಳಿಗೆ ಬಂದು ಎಲ್ಲ ಸತ್ತಿರುತ್ತವೆ. ಒಂದು ಬಂದರಿಗೆ ಹತ್ತು ಫಲಕ, ಮೂರು ತಿಂಗಳು.

ಹಗ್ಗ ಕಂಬಕ್ಕೆ ಉಜ್ಜಿ ಸವೆಯುವ ಕಡೆ ಹಳೆಯ ರಬ್ಬರ್ ಕೊಳವೆ ತೊಡಿಸಿ. ಅಲ್ಲಿನ ಮೀನುಗಾರರಿಗೆ ಮೊದಲೇ ತೋರಿಸಿ, ಏಕೆ ಎಂದು ಹೇಳಿ. ಹೇಳದೆ ಕಟ್ಟಿದ ಫಲಕ ಸಾಮಾನ್ಯವಾಗಿ ಉಳಿಯುವುದಿಲ್ಲ. ಹೇಳಿದರೆ ಅವರೇ ಕಾಯುತ್ತಾರೆ, 'ಇದನ್ನು ನಮ್ಮಜ್ಜನ ಕಾಲದಲ್ಲಿ ಕಂಡಿಲ್ಲ' ಎಂಬ ಮಾತೂ ಅವರಿಂದಲೇ ಬರುತ್ತದೆ. ಆ ಮಾತಿನ ಬೆಲೆ ಯಾವ ಯಂತ್ರಕ್ಕೂ ಇಲ್ಲ.

ಎತ್ತಿದ ಫಲಕವನ್ನು ಕಡಲ ನೀರಿನ ತಟ್ಟೆಯಲ್ಲಿಟ್ಟು, ಜೀವ ಇರುವಾಗಲೇ ಫೋಟೋ ತೆಗೆಯಿರಿ. ಬಣ್ಣ ಆಮೇಲೆ ಉಳಿಯುವುದಿಲ್ಲ. ನಂತರ ಸೂಕ್ಷ್ಮದರ್ಶಕದಡಿ 50 ಬಿಂದುಗಳಲ್ಲಿ ಏನಿದೆ ಎಂದು ಬರೆಯಿರಿ.

ನೀರಿನ ಡಿಎನ್‌ಎ ಪರೀಕ್ಷೆಯಿಂದಲೇ ಎಲ್ಲ ತಿಳಿಯುತ್ತದೆಯಂತೆ?

ಬಹಳಷ್ಟು ತಿಳಿಯುತ್ತದೆ, ಎಲ್ಲವೂ ಅಲ್ಲ. ಸುಮಾರು 1 ಲೀಟರ್ ನೀರನ್ನು 0.45 ಮೈಕ್ರೋಮೀಟರ್ ಫಿಲ್ಟರಿನಲ್ಲಿ ಸೋಸಿ, ಉಳಿದದ್ದರ ಡಿಎನ್‌ಎ ಓದುತ್ತಾರೆ. ಕೈಗವಸು ಬದಲಿಸದಿದ್ದರೆ, ಬಾಟಲಿಯನ್ನು ಬ್ಲೀಚಿನಲ್ಲಿ ತೊಳೆಯದಿದ್ದರೆ ಹಿಂದಿನ ಜಾಗದ ಡಿಎನ್‌ಎ ಮುಂದಿನ ಜಾಗದಲ್ಲಿ ಕಾಣುತ್ತದೆ. ಪ್ರತಿ ದಿನ ಶುದ್ಧ ನೀರನ್ನೂ ಅದೇ ಕ್ರಮದಲ್ಲಿ ಸೋಸಿ ಒಂದು ಖಾಲಿ ಮಾದರಿ ಇಡಲೇಬೇಕು. ಬ್ಯಾಲಾಸ್ಟ್ ನೀರಿನಲ್ಲಿ ಸತ್ತು ಬಂದ ಜೀವಿಯೂ ಡಿಎನ್‌ಎ ಬಿಡುತ್ತದೆ. ಆದ್ದರಿಂದ ಪರೀಕ್ಷೆ 'ಇದೆ' ಎಂದಾಗ ಹೋಗಿ ಕಣ್ಣಾರೆ ನೋಡಿ. ನಮ್ಮ ಕಡಲಿನ ಎಷ್ಟೋ ಜೀವಿಗಳ ಡಿಎನ್‌ಎ ಇನ್ನೂ ಹೋಲಿಕೆಯ ಭಂಡಾರದಲ್ಲಿ ಇಲ್ಲದಿರುವುದು ದೊಡ್ಡ ಕೊರತೆ.

ಮಾದರಿ ಕೆಡದಂತೆ ಇಡುವುದು ಹೇಗೆ?

ಡಿಎನ್‌ಎಗೆ ಶೇ. 95ರ ಎಥನಾಲ್. ಫಾರ್ಮಾಲಿನ್ ಆಕಾರ ಉಳಿಸುತ್ತದೆ, ಡಿಎನ್‌ಎ ಕೆಡಿಸುತ್ತದೆ. ಎರಡೂ ಬೇಕಿದ್ದರೆ ಎರಡು ಬಾಟಲಿ. ಜೀವಿಯ ಮೈಯ ನೀರಿನಿಂದ ಎಥನಾಲ್ ತೆಳುವಾಗುವುದರಿಂದ ಮರುದಿನ ಬದಲಿಸಿ. ಸಮುದ್ರಪಿಚಕಾರಿಗಳಂಥ (ಸೀ ಸ್ಕ್ವರ್ಟ್) ಮೆತ್ತನೆಯವನ್ನು ನೇರ ಹಾಕಿದರೆ ಮುದುಡಿ ಗುರುತೇ ಸಿಗುವುದಿಲ್ಲ. ಮೊದಲು ಕಡಲ ನೀರಿಗೆ ಮೆಂಥಾಲ್ ಹರಳು ಹಾಕಿ ಸಡಿಲಗೊಳ್ಳಲು ಬಿಡಿ. ಚೀಟಿ ಬಾಟಲಿಯ ಒಳಗೂ ಇರಲಿ, ಪೆನ್ಸಿಲ್‌ನಲ್ಲೇ ಬರೆದಿರಲಿ. ಮಾರ್ಕರ್ ಶಾಯಿ ಎಥನಾಲಿನಲ್ಲಿ ಕರಗಿಹೋಗುತ್ತದೆ. ಹೆಸರಿಲ್ಲದ ಬಾಟಲಿ ಎಂದರೆ ಆ ದಿನದ ದುಡಿಮೆ ನೀರುಪಾಲು.

ಅನುಮತಿಗಳು?

ಲಕ್ಷದ್ವೀಪಕ್ಕೆ ಹೊರಗಿನವರಿಗೆ ಪ್ರವೇಶ ಪರವಾನಗಿ ಬೇಕು. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯದಲ್ಲಿ ಅರಣ್ಯ ಇಲಾಖೆಯ ಸಂಶೋಧನಾ ಅನುಮತಿ ಬೇಕು. ದಿಬ್ಬ ಕಟ್ಟುವ ಹವಳ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಸತ್ತ ಚೂರನ್ನೂ ಜೇಬಿಗೆ ಹಾಕಬೇಡಿ. ಅನುಮತಿಗೆ ತಿಂಗಳುಗಳೇ ಹಿಡಿಯುವುದರಿಂದ ಮಳೆಗಾಲದಲ್ಲೇ ಅರ್ಜಿ ಹಾಕಿ. ಹೇಗೂ ಆಗ ನಮ್ಮ ಪಶ್ಚಿಮ ಕರಾವಳಿಯಲ್ಲಿ ದೋಣಿ ಇಳಿಯುವುದಿಲ್ಲ.

ಸಂಬಳ ಎಷ್ಟು? ಕೆಲಸ ಸಿಗುತ್ತದೆಯೇ?

ನೆಟ್ ಪಾಸಾಗಿ ಜೆಆರ್‌ಎಫ್ (ಕಿರಿಯ ಸಂಶೋಧಕರ ವೇತನ) ಸಿಕ್ಕರೆ, 2023ರ ಜನವರಿಯಿಂದ ಜಾರಿಯಾದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಜೊತೆಗೆ ಮನೆ ಬಾಡಿಗೆ ಭತ್ಯೆ. ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ, ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯಂಥ ಕಡೆ ವಿಜ್ಞಾನಿ ಹುದ್ದೆಗಳಿವೆ, ಆದರೆ ಸಂಖ್ಯೆ ಕಡಿಮೆ. ಬಹಳ ಮಂದಿ ಮೊದಲ ಕೆಲವು ವರ್ಷ ಎರಡು-ಮೂರು ವರ್ಷದ ಯೋಜನೆಗಳಲ್ಲೇ ದುಡಿಯುತ್ತಾರೆ, ಯೋಜನೆ ಮುಗಿದರೆ ಸಂಬಳವೂ ಮುಗಿಯುತ್ತದೆ. ಮನೆಗೆ ತಕ್ಷಣ ದುಡಿದು ಹಾಕಬೇಕಾದವರು ಇದನ್ನು ತಿಳಿದೇ ಹೆಜ್ಜೆ ಇಡಿ. ಬಂದರು, ಹಡಗು ತಪಾಸಣೆ, ಪರಿಸರ ಸಲಹಾ ಕಂಪನಿಗಳ ಕಡೆ ಅವಕಾಶ ಹೆಚ್ಚುತ್ತಿದೆ. ಬ್ಯಾಲಾಸ್ಟ್ ಮಾದರಿ ಎತ್ತಲು, ಎಣಿಸಲು ಬರುವವರಿಗೆ ಅಲ್ಲಿ ಬೆಲೆಯಿದೆ.

ಮಗಳನ್ನು ಅಷ್ಟು ದೂರದ ದ್ವೀಪಕ್ಕೆ ಕಳಿಸಬಹುದೇ?

ಕಳಿಸಬಹುದು. ಕಡಲ ಸಂಶೋಧನೆಯಲ್ಲಿ ಹೆಣ್ಣುಮಕ್ಕಳು ತುಂಬಾ ಇದ್ದಾರೆ, ತಂಡ ನಡೆಸುತ್ತಿದ್ದಾರೆ. ಹೋಗುವ ಮುಂಚೆ ತಂಡದ ಮುಖ್ಯಸ್ಥರನ್ನು ಮೂರು ವಿಷಯ ನೇರವಾಗಿ ಕೇಳಿ: ಉಳಿಯುವ ಮನೆ ಎಲ್ಲಿ, ದೋಣಿಯಲ್ಲಿ ಲೈಫ್ ಜಾಕೆಟ್ ಎಷ್ಟು, ಹತ್ತಿರದ ಆಸ್ಪತ್ರೆಗೆ ಎಷ್ಟು ಗಂಟೆ. ಗಂಡುಮಗನಾದರೂ ಇದೇ ಮೂರು ಪ್ರಶ್ನೆ ಕೇಳಬೇಕು. ಊಟದ ವಿಷಯ: ಸಸ್ಯಾಹಾರಿಗಳಿಗೆ ದ್ವೀಪದಲ್ಲಿ ತರಕಾರಿ ಹಡಗು ಬಂದ ದಿನ ಮಾತ್ರ ಹೇರಳ. ಹುರಿಗಾಳು, ಚಟ್ನಿಪುಡಿ ಒಯ್ಯಿರಿ.

ಈಗ ಎರಡನೇ ಪಿಯುಸಿ. ಪರೀಕ್ಷೆಯ ನಡುವೆ ಏನು ಶುರು ಮಾಡಲಿ?

ಒಂದು ನೋಟ್‌ಬುಕ್. ಮನೆಗೆ ಹತ್ತಿರದ ಒಂದು ಕೆರೆಯನ್ನೋ ನಾಲೆಯನ್ನೋ ಆರಿಸಿ, ತಿಂಗಳಿಗೆ ಒಂದೇ ಸಲ, ಅದೇ ಜಾಗದಲ್ಲಿ ನಿಂತು, ಅದೇ ಕಡೆಗೆ ಒಂದು ಫೋಟೋ ತೆಗೆಯಿರಿ. ಅಂತರಗಂಗೆ, ಜಿಲೇಬಿ ಮೀನು, ಆಫ್ರಿಕನ್ ಕ್ಯಾಟ್‌ಫಿಶ್, ಆಫ್ರಿಕನ್ ಬಸವನಹುಳು ಈ ನಾಲ್ಕರ ಎದುರು 'ಇದೆ' ಅಥವಾ 'ಹುಡುಕಿದೆ, ಕಾಣಲಿಲ್ಲ' ಎಂದು ಬರೆಯಿರಿ. ಎಷ್ಟು ನಿಮಿಷ ಹುಡುಕಿದಿರಿ ಎಂಬುದನ್ನೂ ಬರೆಯಿರಿ. ಅದಿಲ್ಲದ 'ಕಾಣಲಿಲ್ಲ' ಯಾರಿಗೂ ಪ್ರಯೋಜನವಿಲ್ಲ. ಹತ್ತು ನಿಮಿಷದ ಕೆಲಸ, ತಿಂಗಳಿಗೊಮ್ಮೆ. ಎಂಎಸ್‌ಸಿ ಸಂದರ್ಶನಕ್ಕೆ ಹೋಗುವಾಗ ಆ ನೋಟ್‌ಬುಕ್ಕನ್ನು ಚೀಲದಲ್ಲಿ ಒಯ್ಯಿರಿ.